‘ಈ ಮನೆಯವರನ್ನೂ’

ಆ ಮಂಗಳವಾರ ಸಂಜೆ ಪ್ರಾರ್ಥನೆಯ ಹೊತ್ತಿಗೆ ನನ್ನ ಒಂದು ಕಿವಿ ಒಲೆಯ ಮೇಲಿದ್ದ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಕಡೆಗೇ ಇತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದು ವಾರವೂ ಆಗಿರಲಿಲ್ಲ. ಎರಡು ತಿಂಗಳು ಒಣಮೀನಿನಲ್ಲಿ ಕಾಲ ಕಳೆದವರಿಗೆ ತಾಜಾ ಬಂಗುಡೆ ಎಂದರೆ ಏನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನನ್ನ ಯಜಮಾನರು ಎಂದಿನಂತೆ ಕುರ್ಚಿಯ ತುದಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಹೆಸರುಗಳನ್ನು ಹೇಳುತ್ತಿದ್ದರು.

ಅವರು ಕಾಪುವಿನ ಒಂದು ಸಣ್ಣ ಸಭೆಯ ಪಾಲಕರಾಗಿದ್ದರು. ನಮ್ಮ ಕ್ರೈಸ್ತ ಸಭೆಗಳಲ್ಲಿ ಪಾಲಕರನ್ನು ‘ಅಯ್ಯನವರು’ ಎಂದೂ ಅವರ ಹೆಂಡತಿಯನ್ನು ‘ಅಮ್ಮನವರು’ ಎಂದೂ ಕರೆಯುವುದು ವಾಡಿಕೆ. ದಿನಾ ಸಂಜೆ ಏಳೂವರೆಗೆ ಅಯ್ಯನವರು ತಮ್ಮ ಸಭೆಯ ಪ್ರತಿಯೊಂದು ಮನೆಯನ್ನೂ ದೇವರ ಮುಂದೆ ಹೆಸರು ಹಿಡಿದು ನೆನೆಯುತ್ತಿದ್ದರು. ಮೊದಲು ಕಾಪುವಿನ ಮನೆಗಳು, ಆಮೇಲೆ ಉಡುಪಿಯ ನಾಲ್ಕು ಮನೆ, ಮಣಿಪಾಲದಲ್ಲಿ ಕಟ್ಟಡದ ಕೆಲಸ ಮಾಡುವವರ ಶೆಡ್ಡುಗಳು, ಕೊನೆಗೆ ಕಾರ್ಕಳ. ಬರೀ ಹೆಸರಲ್ಲ, ಹೆಸರಿನ ಜೊತೆಗೆ ಅವರವರ ಕಷ್ಟವೂ ಬರುತ್ತಿತ್ತು. ಕಾರ್ಕಳದ ಸುಗುಣಬಾಯಿಯ ಎಡಗಾಲು. ಎಡ್ವಿನ್ ಮಾಸ್ಟ್ರ ಸಕ್ಕರೆ ಕಾಯಿಲೆ. ಮೀನುಗಾರ ಸುಧಾಕರಣ್ಣನ ದೋಣಿ ‘ಜಲರಾಣಿ’. ಎಲ್ಲ ಮುಗಿದ ಮೇಲೆ ಒಂದು ಸಣ್ಣ ಉಸಿರು ತೆಗೆದುಕೊಂಡು, “ಈ ಮನೆಯವರನ್ನೂ ಕಾಯಬೇಕು ಕರ್ತನೇ, ಆಮೆನ್” ಎನ್ನುತ್ತಿದ್ದರು.

ಈ ಮನೆಯವರು ಎಂದರೆ ನಾನು. ಬೇರೆ ಯಾರೂ ಇರಲಿಲ್ಲ. ಒಂದು ಬೆಕ್ಕು ಇತ್ತು, ಅದು ಮೀನಿರುವ ದಿನ ಮಾತ್ರ ಈ ಮನೆಯದು.

ಆವತ್ತು ನನಗೆ ಎಂತ ಆಯಿತೋ ಗೊತ್ತಿಲ್ಲ. ಆಮೆನ್ ಆದ ಕೂಡಲೇ ಕೇಳಿಬಿಟ್ಟೆ. “ನಿಮ್ಮ ದೇವರಿಗೆ ದೋಣಿಯ ಹೆಸರೂ ಗೊತ್ತುಂಟು. ನನ್ನ ಹೆಸರು ಒಮ್ಮೆಯಾದರೂ ಹೇಳಿದ್ದೀರಾ?”

ಅವರು ಕನ್ನಡಕ ಒರೆಸುತ್ತ ನಕ್ಕರು. “ನಿನ್ನ ಹೆಸರು ಎಂತಕ್ಕೆ? ನೀನು ಇಲ್ಲೇ ಇದ್ದೀಯಲ್ಲ ಮಾರಾಯ್ತಿ.”

“ಸುಗುಣಬಾಯಿ ಕಾರ್ಕಳದಲ್ಲಿ ಇರುವುದು ದೇವರಿಗೆ ಗೊತ್ತಿಲ್ವಾ? ಎಡಗಾಲು ಅಂತ ಬೇರೆ ಬಿಡಿಸಿ ಹೇಳ್ತೀರಿ.”

“ಬಲಗಾಲು ಅಂತ ತಿಳ್ಕೊಂಡ್ರೆ ಕಷ್ಟ ಅಲ್ವಾ” ಎಂದು ಅವರು ಊಟಕ್ಕೆ ಎದ್ದರು.

ನಾನು ಸಿಟ್ಟಿನಲ್ಲಿ ಅವರ ಬಟ್ಟಲಿಗೆ ಬಾಲದ ತುಂಡು ಹಾಕಿದೆ. ಅವರು ಅದನ್ನೇ ಚೆನ್ನಾಗಿದೆ ಎಂದು ತಿಂದರು. ಮರುದಿನ ಬೆಳಿಗ್ಗೆ, ಕಾರ್ಕಳಕ್ಕೆ ಹೋಗಲೆಂದು ಅಂಗಳದಲ್ಲಿ ಸ್ಕೂಟರ್ ತಿರುಗಿಸುತ್ತಿದ್ದವರು ಹಾಗೇ ಕುಸಿದರು. ಹೃದಯ ನಿಂತಿತ್ತು. ನಾನು ಒಳಗಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಷ್ಟು ಹೇಳಿದ ಮೇಲೆ ನಾನು ದುಃಖದ ವಿಷಯ ಬರೆಯುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ದುಃಖ ಉಂಟು. ಆದರೆ ಅದಕ್ಕಿಂತ ಹೆಚ್ಚಾಗಿ, ಹೇಳಲು ನಾಚಿಕೆಯಾಗುತ್ತದೆ, ನನಗೆ ಇರುವುದು ಹೊಟ್ಟೆಕಿಚ್ಚು. ಮತ್ಸರ ಎಷ್ಟು ಕೆಟ್ಟದ್ದೆಂದು ನಮ್ಮವರು ವರ್ಷಕ್ಕೊಮ್ಮೆಯಾದರೂ ಪ್ರಸಂಗ ಮಾಡುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕುಳಿತು ನಾನು ತಲೆಯಾಡಿಸುತ್ತಿದ್ದೆ. ಹಿಂದಿನ ಬೆಂಚಿನವರನ್ನು ನೋಡಿ ಇವರಿಗೆ ನನ್ನ ಗಂಡ ಎಷ್ಟು ಸಿಕ್ಕಿದ್ದಾರೆ, ನನಗೆಷ್ಟು ಎಂದು ಅದೇ ಹೊತ್ತಿಗೆ ಮನಸ್ಸಿನಲ್ಲಿ ತಕ್ಕಡಿ ಹಿಡಿದಿರುತ್ತಿದ್ದೆ.

ಪ್ರಾರ್ಥನೆಯಲ್ಲಿ ಹೆಸರು ಬರುವುದು ಇಷ್ಟು ದೊಡ್ಡ ವಿಷಯವಾ ಎಂದು ನೀವು ಕೇಳಬಹುದು. ನಾನು ಹುಟ್ಟಿದ ಮನೆಯಲ್ಲಿ ಅದು ದೊಡ್ಡ ವಿಷಯವೇ ಆಗಿತ್ತು. ಅಪ್ಪ ಉಡುಪಿಯ ಹತ್ತಿರ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾವು ಏಳು ಮಕ್ಕಳು. ಸಂಜೆ ಚಾಪೆಯ ಮೇಲೆ ಮೊಣಕಾಲೂರಿ ಕೂರಬೇಕು. ಎದ್ದಾಗ ಮೊಣಕಾಲಿನ ಮೇಲೆ ಚಾಪೆಯ ಗೆರೆ ಮೂಡಿರುತ್ತಿತ್ತು. ಯಾರದು ಹೆಚ್ಚು ಕೆಂಪಾಗಿದೆ ಎಂದು ನಾವು ಹೋಲಿಸಿ ನೋಡುತ್ತಿದ್ದೆವು. ಅಪ್ಪನ ಕೈಯಿಂದ ಎಷ್ಟು ತೊಳೆದರೂ ಹೋಗದ ಆವೆಮಣ್ಣಿನ ವಾಸನೆ ಬರುತ್ತಿತ್ತು. ಅವರು ಏಳು ಮಕ್ಕಳ ಹೆಸರನ್ನೂ ಹುಟ್ಟಿದ ಕ್ರಮದಲ್ಲಿ ಹೇಳುತ್ತಿದ್ದರು. ನಾನು ಐದನೆಯವಳು. ಬರೀ ಹೆಸರು ಹೇಳಿ ಮುಂದೆ ಹೋದರೆ ಆ ದಿನ ನಾವು ಬಚಾವು. ಏನಾದರೂ ಕಿತಾಪತಿ ಮಾಡಿದ್ದರೆ ಹೆಸರಿನ ಹಿಂದೆ ಆ ದಿನದ ಅಪರಾಧವೂ ದೇವರ ಮುಂದೆ ಹೋಗುತ್ತಿತ್ತು. “ಡಬ್ಬಿಯ ಬೆಲ್ಲ ತಿಂದು ಬೆಕ್ಕಿನ ಮೇಲೆ ತಪ್ಪು ಹಾಕಿದ ಸುಕುಮಾರಿಯನ್ನು ಕ್ಷಮಿಸು ಕರ್ತನೇ.” ಅಣ್ಣ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡೇ ನನ್ನನ್ನು ಚಿವುಟುತ್ತಿದ್ದ. ಬೆಕ್ಕು ಬೆಲ್ಲ ತಿನ್ನುವುದಿಲ್ಲ ಎಂದು ನನಗೆ ತಿಳಿದದ್ದು ಆ ಪ್ರಾರ್ಥನೆಯಿಂದಲೇ.

ನನ್ನ ಹೆಸರು ಸುಕುಮಾರಿ ಎಂದು ಈಗ ನಿಮಗೂ ಗೊತ್ತಾಯಿತು. ನನ್ನನ್ನು ನೋಡಿದರೆ ನೀವು ನಗಬಹುದು. ಹನ್ನೆರಡನೆಯ ವಯಸ್ಸಿಗೇ ನಾನು ಎರಡು ಕೊಡ ನೀರನ್ನು ಒಟ್ಟಿಗೆ ಎತ್ತುತ್ತಿದ್ದೆ. ನನ್ನ ಸ್ವರ ಕೇಳಿದ ಮೀನು ಮಾರುವ ಹೆಂಗಸರು ಚೌಕಾಸಿಗೆ ನಿಲ್ಲುವುದಿಲ್ಲ. ದೇವರ ಮುಂದೆ ಇಂಥವಳನ್ನು ಸುಕುಮಾರಿ ಎಂದು ಹೇಳಲು ನಮ್ಮವರಿಗೆ ನಗು ಬರುತ್ತಿತ್ತೋ ಏನೋ ಎಂದು ಸಮಾಧಾನ ಮಾಡಿಕೊಂಡದ್ದೂ ಉಂಟು.

ಮದುವೆಯಾದ ಮೇಲೆ ಆ ಹೆಸರು ಎಲ್ಲೋ ಹೋಯಿತು. ಮದುವೆಯ ಮರುದಿನವೇ ನಾನು ಅಮ್ಮನವರಾದೆ. ನನಗಿಂತ ನಲವತ್ತು ವರ್ಷ ದೊಡ್ಡವರೂ ಅಮ್ಮನವರೇ ಎಂದರು. ಮೊದಲ ಕೆಲವು ದಿನ ಯಾರಾದರೂ ಕರೆದರೆ ನಾನು ಹಿಂದೆ ತಿರುಗಿ ಅತ್ತೆಯನ್ನು ಹುಡುಕುತ್ತಿದ್ದೆ. ನಾಲ್ಕು ಜನರ ಎದುರು ನಾನೂ ನನ್ನ ಗಂಡನನ್ನು ಅಯ್ಯನವರು ಎಂದೇ ಕರೆದೆ. ಅವರು ನನ್ನನ್ನು ‘ಓ ಇವಳೇ’ ಎಂದು ಕರೆಯುತ್ತಿದ್ದರು, ಖುಷಿಯಾದಾಗ ‘ಮಾರಾಯ್ತಿ’.

ಸಣ್ಣ ಊರಿನ ಸಭೆಯ ಕೆಲಸ ಹೊರಗಿನವರಿಗೆ ಕಾಣುವುದು ಭಾನುವಾರ ಒಂದೂವರೆ ಗಂಟೆ. ಉಳಿದದ್ದು ಮನೆಯವರಿಗೆ ಮಾತ್ರ ಗೊತ್ತು. ಬೆಳಿಗ್ಗೆ ಕಾಪುವಿನಲ್ಲಿ ಆರಾಧನೆ, ಮಧ್ಯಾಹ್ನ ಕಾರ್ಕಳದ ಒಂದು ಮನೆಯ ಚಾವಡಿಯಲ್ಲಿ, ಸಂಜೆ ಮಣಿಪಾಲದಲ್ಲಿ. ಜೋರು ಮಳೆಯ ಭಾನುವಾರ ಹನ್ನೊಂದು ಜನ ಬಂದರೆ ಅದರಲ್ಲಿ ಮೂವರು ಹಾಡುವವರು, ಅವರಲ್ಲಿ ಇಬ್ಬರಿಗೆ ಪರಸ್ಪರ ಮಾತಿಲ್ಲ. ಆ ಇಬ್ಬರ ನಡುವೆ ಹಾರ್ಮೋನಿಯಂ ಯಾರು ಬಾರಿಸಬೇಕೆಂಬ ಜಗಳ ಬಗೆಹರಿಸಲು ನಮ್ಮವರು ಆರು ತಿಂಗಳು ನಡೆದಾಡಿದರು. ಕೊನೆಗೆ ಇಲಿ ಅದರ ತಿದಿಯನ್ನು ಕಡಿದು ಆ ವಿವಾದವನ್ನು ಮುಗಿಸಿತು.

ಲಾಭ ಇರಲಿಲ್ಲ ಎಂದಲ್ಲ. ಹಲಸಿನ ಕಾಲದಲ್ಲಿ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಶಿರ್ವದ ಕಡೆಯಿಂದ ಒಬ್ಬರು ಎಳನೀರಿನ ಗೊನೆ ತಂದಿಟ್ಟು ಹೆಸರೂ ಹೇಳದೆ ಹೋಗುತ್ತಿದ್ದರು. ಪೇಟೆಗೆ ಹೋದರೆ ರಿಕ್ಷಾದವರು ಜಾತಿ ಧರ್ಮ ನೋಡದೆ ನಮಸ್ಕಾರ ಅಯ್ಯಾ ಎನ್ನುತ್ತಿದ್ದರು. ನಾನೂ ಪಕ್ಕದಲ್ಲಿ ಇದ್ದೇನೆ ಎಂದು ಅವರಿಗೆ ತೋರಿಸಲು ಸ್ವಲ್ಪ ಕೆಮ್ಮುತ್ತಿದ್ದೆ.

ಮಣಿಪಾಲದ್ದು ಒಂದು ಹೇಳಲೇಬೇಕು. ಹೆಬ್ರಿಯಿಂದ ಹೆಜಮಾಡಿಯವರೆಗೆ ಯಾರ ಮನೆಯ ರೋಗಿ ಮಣಿಪಾಲದ ಆಸ್ಪತ್ರೆಗೆ ಬಂದರೂ ನಮ್ಮವರಿಗೆ ಫೋನು. ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಚೀಟಿ ಎಲ್ಲಿ ಮಾಡಿಸಬೇಕು, ಹೊರಗೆ ಎಲ್ಲಿ ಒಳ್ಳೆಯ ಗಂಜಿ ಸಿಗುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ನನಗೆ ಪಿತ್ತಕೋಶದ ಆಪರೇಷನ್ ಆದಾಗ ನನ್ನನ್ನೂ ಅಲ್ಲೇ ಮಲಗಿಸಿದ್ದರು. ಸಂಜೆ ನೋಡಲು ಬಿಡುವ ಹೊತ್ತಿಗೆ ಸರಿಯಾಗಿ ನಮ್ಮವರು ಬಂದರು. ನಾನು ಕೂದಲು ಸರಿಮಾಡಿಕೊಂಡು ಕಾದೆ. ಬಾಗಿಲ ಬಳಿಯ ಮಂಚದ ಅಜ್ಜಿ ಅವರ ಕೈ ಹಿಡಿದುಕೊಂಡರು. ಅವರಿಗೆ ಪ್ರಾರ್ಥನೆ. ಅಜ್ಜಿಯ ಪಕ್ಕದವರು “ನನಗೂ ಅಯ್ಯಾ” ಎಂದರು. ಹೀಗೆ ಐದು ಮಂಚ, ಐದು ಹೆಸರು, ಐದು ಕಾಯಿಲೆ. ಆರನೆಯದು ನನ್ನದು. ಅಷ್ಟರಲ್ಲಿ ಕಾವಲಿನವನು ಬಂದು, “ಟೈಮ್ ಆಯ್ತು ಫಾದರ್” ಎಂದ. ನಮ್ಮವರು ನನ್ನ ಹಣೆಯನ್ನು ಒಮ್ಮೆ ಮುಟ್ಟಿ, ಒಂದು ಸೇಬು ಕೊಟ್ಟು ಹೋದರು.

ಪಕ್ಕದ ಮಂಚದವರು ಹೇಳಿದರು, “ಎಷ್ಟು ಒಳ್ಳೆಯವರು ಅಲ್ವಾ. ನಿಮಗೆ ಪರಿಚಯ ಉಂಟಾ?”

“ಸ್ವಲ್ಪ” ಎಂದೆ.

ನಮ್ಮ ಒಬ್ಬಳೇ ಮಗಳು ನಿರ್ಮಲಾ. ಮನೆಯಲ್ಲಿ ಇರುವಷ್ಟು ಕಾಲ ಅವಳೂ ‘ಈ ಮನೆಯವರು’ ಎಂಬುದರ ಒಳಗೇ ಇದ್ದಳು. ಮದುವೆಯಾಗಿ ಹುಬ್ಬಳ್ಳಿಗೆ ಹೋದ ದಿನ ಸಂಜೆಯೇ ಅವಳ ಹೆಸರು ಪಟ್ಟಿಗೆ ಬಂತು, ಅಳಿಯನ ಹೆಸರಿನ ಜೊತೆಗೆ, ಉಡುಪಿಯ ಮನೆಗಳಾದ ಮೇಲೆ. ನಾನು ಮಗಳನ್ನು ಕಳಿಸಿಕೊಟ್ಟು ಅಳಬೇಕಾದವಳು, ಕಣ್ಣು ಬಿಟ್ಟು ಅವರನ್ನೇ ನೋಡುತ್ತ ಕುಳಿತೆ. ಈ ಪಟ್ಟಿಯೊಳಗೆ ಬರಬೇಕಾದರೆ ಮನೆ ಬಿಟ್ಟು ಹೋಗಬೇಕು ಎಂದು ಆವತ್ತು ನನಗೆ ಅರ್ಥವಾಯಿತು.

ಅವರು ಹೋದ ದಿನ ಅಂಗಳ ತುಂಬ ಜನ. ಗೇಟಿನ ಹೊರಗೆ ರಸ್ತೆಯವರೆಗೂ ನಿಂತಿದ್ದರು. ಎಲ್ಲರೂ “ನಮ್ಮ ಅಯ್ಯನವರು, ನಮ್ಮ ಅಯ್ಯನವರು” ಎಂದು ಅಳುತ್ತಿದ್ದರು. ನನಗೆ ಎಲ್ಲರ ಎದುರು ಅಳು ಬರುವುದಿಲ್ಲ. ನಾನು ಬಂದವರಿಗೆ ಕುರ್ಚಿ ಉಂಟಾ ಎಂದು ನೋಡುತ್ತಿದ್ದೆ. ಒಬ್ಬ ಹೆಂಗಸು, ನಾನು ಹಿಂದೆಂದೂ ನೋಡಿದ ನೆನಪಿಲ್ಲ, ಶವದ ಪೆಟ್ಟಿಗೆಯ ಮೇಲೆ ತಲೆಯಿಟ್ಟು ನನಗಿಂತ ನೂರು ಪಾಲು ಚೆನ್ನಾಗಿ ಅತ್ತರು. ಅವರನ್ನು ಎಬ್ಬಿಸಿ ನಾನೇ ನೀರು ಕುಡಿಸಿದೆ. ಕುಡಿಸುತ್ತಿರುವಾಗ ಇವರಿಗೆ ನಮ್ಮವರು ಎಂತ ಹೇಳಿರಬಹುದು ಎಂದೇ ಯೋಚನೆ.

ಆಮೇಲೆ ಸ್ಮರಣೆಯ ಆರಾಧನೆಗೆ ಒಂದು ಕರಪತ್ರ ಅಚ್ಚಾಯಿತು. ಸಭೆಯ ಕಾರ್ಯದರ್ಶಿ ಎಡ್ವಿನ್ ಮಾಸ್ಟ್ರು ನಿವೃತ್ತ ಅಧ್ಯಾಪಕರು, ಕಾಗುಣಿತದಲ್ಲಿ ಯಾರನ್ನೂ ಬಿಡುವವರಲ್ಲ. ಕರಪತ್ರದ ಕೊನೆಯಲ್ಲಿ ‘ಪತ್ನಿ ಶ್ರೀಮತಿ ಕೃಪಾವತಿ ಹಾಗೂ ಮಗಳನ್ನು ಅಗಲಿದ್ದಾರೆ’ ಎಂದು ದಪ್ಪ ಅಕ್ಷರದಲ್ಲಿ ಇತ್ತು. ಕೃಪಾವತಿ ನಮಗಿಂತ ಹಿಂದೆ ಇದ್ದ ಅಯ್ಯನವರ ಹೆಂಡತಿ. ಆ ಅಯ್ಯನವರು ತೀರಿಕೊಂಡಾಗ ಮಾಡಿದ ಕರಪತ್ರ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಅದರಲ್ಲಿ ಫೋಟೋ, ಗಂಡಸಿನ ಹೆಸರು, ತಾರೀಕು ಮಾತ್ರ ಬದಲಾಯಿಸಿದ್ದರು.

ಮಾಸ್ಟ್ರು ಮರುದಿನ ಛತ್ರಿ ಮಡಚಿಕೊಂಡು ಬಂದು ಬಾಗಿಲಲ್ಲಿ ನಿಂತರು. “ತಪ್ಪಾಯ್ತು ಅಮ್ಮನವರೇ. ಹೆಸರು ಹಾಕ್ಬೇಕು ಅಂತ ನಾಲ್ಕು ಜನರ ಹತ್ರ ಕೇಳಿದೆ. ಎಲ್ಲರೂ ಅಮ್ಮನವರು ಅಂತಲೇ ಹೇಳಿದ್ರು. ಆಮೇಲೆ ಹಾಕುವಾ ಅಂತ ಬಿಟ್ಟದ್ದು, ಮರ್ತೇಹೋಯ್ತು.”

“ನನ್ನ ಹತ್ರ ಕೇಳ್ಬಹುದಿತ್ತಲ್ಲ ಮಾಸ್ಟ್ರೇ.”

“ಇಷ್ಟು ವರ್ಷ ಆದ ಮೇಲೆ ನಿಮ್ಮ ಹೆಸರೆಂತ ಅಂತ ಹೇಗೆ ಕೇಳುವುದು? ನಾಚಿಕೆ ಆಗುದಿಲ್ವಾ.”

ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಆದರೆ ಅವರು ಹೋದ ಮೇಲೆ ಒಂದು ಯೋಚನೆ ತಲೆಗೆ ಹೊಕ್ಕಿತು. ಮನೆಯಲ್ಲಿ ನಮ್ಮವರು ನನ್ನ ಹೆಸರು ಹೇಳುತ್ತಿರಲಿಲ್ಲ, ಸರಿ. ನಾನು ಎದುರಿಗೇ ಇರುತ್ತಿದ್ದೆನಲ್ಲ. ಬೇರೆ ಮನೆಗಳಲ್ಲಿ ಪ್ರಾರ್ಥಿಸುವಾಗ, ನಾನು ಎದುರಿಗೆ ಇಲ್ಲದಾಗ, ಒಮ್ಮೆಯಾದರೂ ಹೇಳಿರಬಹುದಲ್ಲವಾ? ದೂರದಿಂದ ನೋಡಿದರೆ ನಾನೂ ಒಂದು ಬೇರೆ ಮನೆಯೇ ತಾನೇ.

ಹಾಗೆ ಶುರುವಾಯಿತು ನನ್ನ ಮನೆಭೇಟಿ. ದುಃಖದಲ್ಲಿ ಜೊತೆಗಿದ್ದವರಿಗೆ ಕೃತಜ್ಞತೆ ಹೇಳಲು ಬಂದೆ ಎಂದು ಬಾಯಲ್ಲಿ. ಒಳಗೆ ಪೊಲೀಸರ ತನಿಖೆ.

ಮೊದಲು ಹೋದದ್ದು ಸುಧಾಕರಣ್ಣನ ಮನೆಗೆ. ಅವರು ನಮ್ಮ ಸಭೆಯವರಲ್ಲ, ಮೊಗವೀರರು. ಅವರಿಗೆ ಅವರ ಭಜನಾ ಮಂದಿರ ಉಂಟು, ದೈವ ಉಂಟು. ಆದರೂ ಪ್ರತಿ ವರ್ಷ ದೋಣಿ ಇಳಿಸುವ ಮೊದಲು, “ನಿಮ್ಮ ಕಡೆಯಿಂದಲೂ ಒಂದು ಇರಲಿ ಅಯ್ಯಾ” ಎಂದು ಬಂದು ಹೇಳಿ ಹೋಗುತ್ತಿದ್ದರು. ಹಾಗೆ ಜಲರಾಣಿಯ ಹೆಸರು ನಮ್ಮ ಪಟ್ಟಿ ಸೇರಿದ್ದು. ಅವರು ಬಲೆ ಹೊಲಿಯುತ್ತಿದ್ದವರು ಎದ್ದು ಕುರ್ಚಿ ಹಾಕಿದರು. ತುಳುವಿನಲ್ಲಿ ಆಡಿದ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಯ್ಯನವರು ದೋಣಿಯ ಹೆಸರು ಹೇಳಿ ಕೈಮುಗಿದ ಮೇಲೆ ಬಲೆ ಒಮ್ಮೆಯೂ ಕಲ್ಲಿಗೆ ಸಿಕ್ಕಿಲ್ಲ ಅಮ್ಮ.”

“ನಮ್ಮ ಮನೆಯ ಬಗ್ಗೆ ಎಂತಾದರೂ ಹೇಳ್ತಿದ್ರಾ?” ಎಂದು ಮೆಲ್ಲ ಕೇಳಿದೆ.

“ಹಂಚಿನ ಮಾಡು ಸೋರುತ್ತದೆ ಅಂತ ಹೇಳ್ತಿದ್ರು.”

“ನನ್ನ ಬಗ್ಗೆ?”

ಸುಧಾಕರಣ್ಣ ಸ್ವಲ್ಪ ಯೋಚಿಸಿದರು. “ನಿಮಗೆ ತಲೆ ಆಗ್ಬೇಕು ಅಂತ. ಯಾವ ಮೀನಾದರೂ ತಲೆ ದೊಡ್ಡದಿರುವುದು ನೋಡಿ ಆರಿಸಿ ತಕೊಂಡು ಹೋಗ್ತಿದ್ರಲ್ಲ. ನಾನು ತಮಾಷೆ ಮಾಡ್ತಿದ್ದೆ, ಅಯ್ಯಾ, ಇದರಲ್ಲಿ ನಿಮಗೆ ಎಂತ ಉಳೀತದೆ ಅಂತ.”

ಮೀನಿನ ತಲೆ ನನಗಿಷ್ಟ ಎಂದು ಅವರಿಗೆ ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕಡಲು ನೋಡಿದೆ. ಆದರೆ ನಾನು ಹುಡುಕಿಕೊಂಡು ಹೋದದ್ದು ಅದಲ್ಲವಲ್ಲ. ಹೊರಡುವಾಗ ಮರಳಿನ ಮೇಲೆ ಜಲರಾಣಿ ನಿಂತಿತ್ತು. ಅದರ ಮೂತಿಗೆ ಹೊಸ ನೀಲಿ ಬಣ್ಣ, ಹೆಸರಿಗೆ ಹಳದಿ ಬಣ್ಣ. ಒಂದು ಮರದ ದೋಣಿಯನ್ನು ನೋಡಿ ಹೊಟ್ಟೆ ಉರಿದುಕೊಂಡವಳು ಇಡೀ ಕಾಪುವಿನಲ್ಲಿ ನಾನೊಬ್ಬಳೇ ಇರಬೇಕು.

ಮಣಿಪಾಲದ ಶೆಡ್ಡಿನಲ್ಲಿ ಬಾದಾಮಿಯ ಕಡೆಯ ಯಲ್ಲವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. “ನನ್ನ ಗಂಡ ಕುಡದು ಬಿದ್ದಿದ್ದಾಗೂ ಅವನ ಹೆಸರು ತಗೊಂಡು ದೇವರ ಮುಂದ ಹೇಳ್ಯಾರ್ರೀ ಅಮ್ಮಾರ. ಅವಗ ಎಚ್ಚರಾದ ಮ್ಯಾಲೆ ನಾಚಿಗಿ ಆತು. ತನ್ನ ಹೆಸರು ಹೇಳಿ ಬೈಯೂದು ಬಿಟ್ಟು ಪ್ರಾರ್ಥನಾ ಮಾಡ್ತಾರಲ್ಲ ಅಂತ.” ಕುಡಿದು ಬಿದ್ದವನ ಹೆಸರು. ನಾನು ಯಲ್ಲವ್ವನ ರೊಟ್ಟಿ ತಿಂದು, ಅವಳ ಗಂಡನಿಗೆ ಒಳ್ಳೆಯದಾಗಲಿ ಎಂದು ಹೇಳಿ, ಬಸ್ಸು ಹತ್ತಿದೆ. ಒಳ್ಳೆಯದಾಗಲಿ ಎಂದದ್ದು ಪೂರ್ತಿ ಮನಸ್ಸಿನಿಂದಲೇ. ಮುಕ್ಕಾಲು ಮನಸ್ಸಿನಿಂದ ಎಂದು ಬರೆದರೆ ಸರಿಯಾದೀತು.

ಕೊನೆಗೆ ಕಾರ್ಕಳ. ಸುಗುಣಬಾಯಿಗೆ ಎಂಬತ್ತು ದಾಟಿದೆ. ಹಾಸಿಗೆಯಿಂದ ಏಳುವುದಿಲ್ಲ, ಆದರೆ ಬಾಯಿಗೆ ಯಾವ ಕಾಯಿಲೆಯೂ ಇಲ್ಲ. ನಮ್ಮವರು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದರು, ಕೊನೆಯ ದಿನ ಹೊರಟದ್ದೂ ಅಲ್ಲಿಗೇ. ಸುಗುಣಬಾಯಿಯ ಮೇಲೆ ನನಗಿದ್ದ ಅಸೂಯೆ ಹಳೆಯದು. ಎಡಗಾಲಿನದ್ದು.

ಸೊಸೆ ಪತ್ರೊಡೆ ತಂದಿಟ್ಟಳು. ಸುಗುಣಬಾಯಿ ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಹಾಸಿಗೆ ಹಿಡಿದವರಿಗೆ ಬಂದವರ ಮುಖ ಓದುವುದೇ ಕೆಲಸ. ನಾನು ಕೇಳುವ ಮೊದಲೇ ಹೇಳಿದರು.

“ಅಮ್ಮನವರೇ, ನಿಮ್ಮನ್ನು ಬಿಟ್ಟು ಅಯ್ಯನವರು ಒಂದು ಪ್ರಾರ್ಥನೆ ಮಾಡಿದವರಲ್ಲ. ಇದೇ ಸ್ಟೂಲಿನಲ್ಲಿ ಕೂತು.”

ನನ್ನ ಕೈಯಲ್ಲಿದ್ದ ಪತ್ರೊಡೆಯ ತುಂಡು ಹಾಗೇ ನಿಂತಿತು. “ಎಂತ ಹೇಳ್ತಿದ್ರು?”

“ನನ್ನ ಹೆಂಡತಿಯನ್ನು ಕಾಪಾಡು ಕರ್ತನೇ ಅಂತ.”

“ಹೆಂಡತಿ ಅಂತಲಾ? ಅಥವಾ ಹೆಸರು ಹೇಳಿ?”

“ಹೆಸರು ಹೇಳಿಯೇ” ಎಂದರು ಸುಗುಣಬಾಯಿ, ಒಂದು ಚೂರೂ ತಡವರಿಸದೆ. “ನನ್ನ ಕೃಪಾವತಿಯನ್ನು ಕಾಪಾಡು ಅಂತ.”

ಅವರ ತಲೆದಿಂಬಿನ ಪಕ್ಕದಲ್ಲಿ, ಕನ್ನಡಕದ ಕೆಳಗೆ, ಆ ಕರಪತ್ರ ಇತ್ತು.

ಎಂಬತ್ತು ವರ್ಷದ ಮುದುಕಿ ನನಗೆ ಕೊಡಲು ಬೇರೇನೂ ಇಲ್ಲದೆ ಒಂದು ಸುಳ್ಳು ಕೊಟ್ಟಿದ್ದರು. ಪ್ರೀತಿಯಿಂದಲೇ. ಹೆಸರು ತಪ್ಪಿದ್ದು ಅವರ ತಪ್ಪಲ್ಲ, ಅಚ್ಚು ಹಾಕಿದವರದು. “ಸಂತೋಷ ಆಯ್ತು ಬಾಯಿಯಮ್ಮ” ಎಂದು ಅವರ ಕಾಲಿನ ಮೇಲೆ ಹೊದಿಕೆ ಸರಿಮಾಡಿದೆ. ಎಡಗಾಲು ನಿಜಕ್ಕೂ ತುಂಬ ಬಾತಿತ್ತು. ಇಷ್ಟು ವರ್ಷ ಅದರ ಬಗ್ಗೆ ಕೇಳಿ ಕೇಳಿ ಸಿಟ್ಟು ಮಾಡಿಕೊಂಡಿದ್ದೆನೇ ಹೊರತು ನೋವು ಎಷ್ಟಿರಬಹುದೆಂದು ಯೋಚಿಸಿರಲಿಲ್ಲ.

ಬಸ್ಸು ಬೆಳ್ಮಣ್ಣು ದಾಟುವಾಗ ನನಗೆ ನಗು ಬಂತು. ಪಕ್ಕದಲ್ಲಿದ್ದವಳು ಸ್ವಲ್ಪ ಸರಿದು ಕುಳಿತಳು. ಕೃಪಾವತಿಯ ಮೇಲೂ ಹೊಟ್ಟೆಕಿಚ್ಚಾಗಿತ್ತು ನನಗೆ. ಯಾರೂ ಮಾಡದ ಒಂದು ಪ್ರಾರ್ಥನೆಯಲ್ಲಿ ಆಕೆಯ ಹೆಸರು ಬಂದಿತ್ತಲ್ಲ.

ಇಷ್ಟರಲ್ಲಿ ಹೊಸ ಪಾಲಕರ ನೇಮಕವಾಯಿತು. ಪಾಲಕರ ಮನೆ ಸಭೆಯದು, ನಮ್ಮದಲ್ಲ. ಅದು ಮೊದಲಿನಿಂದ ಗೊತ್ತಿದ್ದ ವಿಷಯ. ಗೊತ್ತಿಲ್ಲದ್ದು ಏನೆಂದರೆ, ಬರುವವರು ಒಬ್ಬ ಹೆಂಗಸು. ಹೆಸರು ರೂಪಾ, ನಲವತ್ತರ ಆಸುಪಾಸು. ಅವರ ಗಂಡ ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ಹೆಂಗಸು ಪ್ರಸಂಗ ಮಾಡುವುದರ ಬಗ್ಗೆ ಸಭೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಏನೆಂದು ಕರೆಯುವುದು ಎಂಬುದಕ್ಕೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಡೆದ ಆ ಚರ್ಚೆ ನಾನು ಕಿವಿಯಾರೆ ಕೇಳಿದ್ದು.

“ಅಯ್ಯನವರು ಅನ್ನಲಿಕ್ಕೆ ಆಗುದಿಲ್ಲ” ಎಂದರು ಎಡ್ವಿನ್ ಮಾಸ್ಟ್ರು. “ವ್ಯಾಕರಣ ತಪ್ಪುತ್ತದೆ.”

“ಹಾಗಾದ್ರೆ ಅಮ್ಮನವರು ಅನ್ನುವಾ.”

“ಅಮ್ಮನವರು ಅಂದ್ರೆ ಅಯ್ಯನವರ ಹೆಂಡತಿ ಮಾರಾಯ. ಇವರು ಯಾವ ಅಯ್ಯನವರ ಹೆಂಡತಿ?”

“ಅವರ ಗಂಡನನ್ನು ಅಯ್ಯನವರು ಅಂದ್ರೆ ಆಯ್ತಲ್ಲ” ಎಂದು ಯಾರೋ ಹಿಂದಿನಿಂದ ಹೇಳಿದರು. ಎಲ್ಲರೂ ನಕ್ಕರು, ಆದರೆ ಹಾಗೇ ಆಯಿತು. ಮುಂದಿನ ತಿಂಗಳು ಒಂದು ಮದುವೆಯ ಊಟಕ್ಕೆ ಕುಳಿತಾಗ ಮನೆಯವರು ಆ ಗಂಡನ ಎದುರು ನಿಂತು, “ಅಯ್ಯನವರೇ, ಊಟಕ್ಕೆ ಪ್ರಾರ್ಥನೆ ಮಾಡಿ” ಎಂದರು. ಪಾಪ, ಆ ಮನುಷ್ಯ ಬೆವರಿಹೋದರು. “ನಾನು ರಕ್ತ ತೆಗೆಯುವವ, ಪ್ರಾರ್ಥನೆ ಅವಳ ಡಿಪಾರ್ಟ್‌ಮೆಂಟು” ಎಂದು ಹೆಂಡತಿಯನ್ನು ತೋರಿಸಿದರು.

ನಾನೂ ನಕ್ಕೆ. ನಗುತ್ತಿರುವಾಗ ಬಡಿಸುವ ಹೆಂಗಸು ಆ ಕಡೆಯವರಿಗೆ ಕೂಗಿ ಹೇಳಿದಳು, “ಅಮ್ಮನವರಿಗೆ ಪಲ್ಯ ಹಾಕಿ.” ನಾನು ಎಲೆಯ ಮೇಲಿಂದ ಕೈ ತೆಗೆದು ಜಾಗ ಮಾಡಿಕೊಟ್ಟೆ. ಪಲ್ಯದವನು ನನ್ನನ್ನು ದಾಟಿ ಹೋದ. “ನೀವಲ್ಲ” ಎಂದಳು ಆ ಹೆಂಗಸು ಮೆಲ್ಲಗೆ, “ನೀವು ಹಳೇ ಅಮ್ಮನವರು.”

ನಾನು ಈಗ ಇರುವುದು ಕಾಪು ಪೇಟೆಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಮಗಳು ಹುಬ್ಬಳ್ಳಿಗೆ ಬಾ ಎಂದು ಕರೆದಳು, ಎರಡು ವಾರ ಇದ್ದು ಬಂದೆ. ಅಲ್ಲಿ ಮೀನು ಸಿಗುವುದಿಲ್ಲ ಎಂದು ನೆಪ ಹೇಳಿದೆ. ಬಂದ ಮೇಲೆ ಒಂದು ದಿನ ಎಡ್ವಿನ್ ಮಾಸ್ಟ್ರು ಮತ್ತೆ ಛತ್ರಿ ಮಡಚಿಕೊಂಡು ಬಾಗಿಲಲ್ಲಿ ನಿಂತರು. ಸಭೆಯ ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲವಂತೆ.

“ಅಯ್ಯನವರ ಮನೆಯವರನ್ನು ಪಟ್ಟಿಗೆ ಹಾಕುವ ಕ್ರಮ ಇಲ್ಲ ಅಲ್ವಾ. ವರ್ಗ ಆಗಿ ಹೋಗುವವರು ಅಂತ. ಈಗ ನಿಮ್ಮನ್ನು ಹೊಸತಾಗಿ ಸೇರಿಸಬೇಕು. ಪಾಲಕರು ಮನೆಭೇಟಿಗೆ ಬರ್ತಾರೆ.” ನಂತರ ಒಂದು ಕಾಗದ ಚಾಚಿದರು. “ಹೆಸರು ನೀವೇ ಬರೀರಿ. ನಾನು ಕೈ ಹಾಕುದಿಲ್ಲ.”

ರೂಪಾ ಅಮ್ಮನವರು ಶನಿವಾರ ಸಂಜೆ ಬಂದರು. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅವರನ್ನು ಇಷ್ಟಪಡಬಾರದು ಎಂದು ನಾನು ಮೊದಲೇ ತೀರ್ಮಾನ ಮಾಡಿದ್ದೆ. ನಮ್ಮವರು ಕೂರುತ್ತಿದ್ದ ಕುರ್ಚಿಯನ್ನು ಒಳಕೋಣೆಗೆ ಹಾಕಿ, ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದೆ. ಅವರು ಅದರಲ್ಲಿ ಕುಳಿತು, ಹೆಲ್ಮೆಟ್ಟನ್ನು ಕಾಲ ಬಳಿ ಇಟ್ಟು, ಬೆನ್ನು ಒರಗಿಸಿದರು. ದಣಿದಿದ್ದರು ಎಂದು ಕಾಣುತ್ತದೆ. ಆ ದಣಿವು ನನಗೆ ಗುರುತಿತ್ತು. ಬೆಳಿಗ್ಗಿನಿಂದ ಬೇರೆಯವರ ಮನೆಯಲ್ಲಿ ಕುಳಿತವರ ದಣಿವು ಅದು.

“ಇವತ್ತು ನಿಮ್ಮದು ಎಷ್ಟನೆಯ ಮನೆ?” ಎಂದು ಕೇಳಿದೆ.

“ಏಳನೆಯದು. ಆರು ಮನೆಯಲ್ಲೂ ಚಹಾ ಕುಡ್ದಾಗಿದೆ.” ಅವರು ನಕ್ಕರು. “ನೀವು ಕೊಡದಿದ್ರೆ ಉಪಕಾರ ಆಯ್ತು ಅಮ್ಮ.”

ನನಗೂ ನಗು ಬಂತು. ನೀರು ತಂದುಕೊಟ್ಟೆ. ಮಗಳ ವಿಷಯ, ನೀರಿನ ವಿಷಯ, ಬಾಡಿಗೆ ಮನೆಯ ಪಕ್ಕದವರ ನಾಯಿಯ ವಿಷಯ ಮಾತಾಡಿದೆವು. ಹೊರಡುವ ಮೊದಲು, ಎಲ್ಲ ಪಾಲಕರೂ ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆಯನ್ನು ಕೇಳಿದರು.

“ಪ್ರಾರ್ಥನಾ ವಿಷಯ ಎಂತಾದರೂ ಉಂಟಾ ಅಮ್ಮ?”

ಅಷ್ಟು ವರ್ಷ ಪಾಲಕರ ಮನೆಯಲ್ಲಿದ್ದರೂ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬೇರೆಯವರ ಉತ್ತರಗಳನ್ನು ಮಾತ್ರ ನಾನು ಕೇಳಿದ್ದೆ. ಕಾಲು, ಸಕ್ಕರೆ, ಪರೀಕ್ಷೆ, ದೋಣಿ.

“ವಿಷಯ ಎಂತದೂ ಇಲ್ಲ” ಎಂದೆ. “ಹೆಸರು ಹೇಳಿದ್ರೆ ಸಾಕು.”

“ಯಾರ ಹೆಸರು?”

“ನನ್ನದೇ.”

ಅವರು ನನ್ನ ಮುಖ ನೋಡಿದರು. ಏಕೆ ಎಂದು ಕೇಳಲಿಲ್ಲ. ಹೆಸರು ಕೇಳಿದರು, ನಾನು ಹೇಳಿದೆ. ಅವರು ನಗಲಿಲ್ಲ, ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಚಿಕ್ಕ ಪ್ರಾರ್ಥನೆ. ಅದರಲ್ಲಿ ನನ್ನ ಹೆಸರು ಎರಡು ಸಲ ಬಂತು, ಒಂದು ಸಲ ಶುರುವಿನಲ್ಲಿ, ಒಂದು ಸಲ ಕೊನೆಯಲ್ಲಿ, ಎದುರಿನ ನ್ಯಾಯ ಬೆಲೆ ಅಂಗಡಿಯವನಿಗೂ ಕೇಳಿಸುವಷ್ಟು ಸ್ಪಷ್ಟವಾಗಿ. ಆಮೆನ್ ಎಂದೆವು. ಗೇಟಿನವರೆಗೆ ಹೋಗಿ ಅವರ ಸ್ಕೂಟರ್ ತಿರುವು ದಾಟುವವರೆಗೂ ನಿಂತೆ. ಒಳ್ಳೆಯ ಹೆಂಗಸು. ಅವರ ಮೇಲೆ ಈಗ ನನಗೆ ಅಸೂಯೆ ಇಲ್ಲ, ಅಥವಾ ಕಡಿಮೆ ಉಂಟು.

ನನ್ನ ಹೆಸರು ಈಗ ಸಭೆಯ ಪಟ್ಟಿಯಲ್ಲಿ ಉಂಟು, ಹೊಸ ಪಾಲಕರ ಪ್ರಾರ್ಥನೆಯಲ್ಲೂ ಉಂಟು. ನನ್ನ ಗಂಡನ ಬಾಯಿಂದ ಮಾತ್ರ ನಾನು ಅದನ್ನು ಕೇಳಿಲ್ಲ.